ಓಟಕ್ಕೆ ಒಪ್ಪುವ ಪಾದರಕ್ಷೆ

ಪ್ರಾತಃಕಾಲ ಓಡಿರಿ, ಬಿರುಸಾಗಿ ನಡೆಯಿರಿ ಎಂದು ನಾವು ವೈದ್ಯರು ಹೇಳುತ್ತೇವೆ. ಏನನ್ನು ಮೆಟ್ಟಿ ಓಡಬೇಕೆಂದು ಹೇಳಲು ಮರೆಯುತ್ತೇವೆ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವಾದರೋ ಪಾದರಕ್ಷೆ ಧರಿಸುವುದನ್ನೂ ನಿತ್ಯದ ಆರೋಗ್ಯಾಚರಣೆಗಳ ಸಾಲಿನಲ್ಲಿಯೇ ಹೇಳಿದೆ.

ಶೂ ಕೊಳ್ಳಲು ಸಾಯಂಕಾಲವೇ ಲೇಸು. ದಿನವಿಡೀ ನಿಂತು ನಡೆದ ಪಾದ ಆ ಹೊತ್ತಿಗೆ ತುಸು ಹಿಗ್ಗಿರುತ್ತದೆ, ಓಡುವಾಗಲೂ ಹಿಗ್ಗುತ್ತದೆ. ನಿತ್ಯ ಬಳಸುವ ಕಾಲುಚೀಲದೊಡನೆ ಎರಡೂ ಕಾಲಿಗೆ ತೊಟ್ಟು, ನಿಂತು ನೋಡಬೇಕು. ಅನೇಕರಲ್ಲಿ ಒಂದು ಪಾದ ದೊಡ್ಡದಿರುತ್ತದೆ. ಅಳತೆ ಅದಕ್ಕೆ ಹೊಂದಬೇಕು. ಉದ್ದನೆಯ ಬೆರಳಿನ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ತೆರವಿರಲಿ, ಹಿಮ್ಮಡಿ ಜಾರದಿರಲಿ. ಬಾಗಿಸಿದರೆ ಶೂ ಬೆರಳುಗಳ ಬುಡದಲ್ಲಿ ಮಡಿಯಬೇಕು, ನಡುವಿನಲ್ಲಲ್ಲ. ಹಾಕುತ್ತ ಹಾಕುತ್ತ ಸಡಿಲಾಗುತ್ತದೆಂಬ ಅಂಗಡಿಯ ಮಾತನ್ನು ನಾವು ಒಪ್ಪುವುದಿಲ್ಲ.

ಮಧುಮೇಹಿಗಳ ವಿಷಯವೇ ಬೇರೆ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಬಿಗಿಯಾದ ಶೂ ಸಹ ಸರಿಯೆನಿಸುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಹಿರಿಯರೊಬ್ಬರು ಶೂ ಒಳಗೆ ಸೇರಿದ ಹರಳು ಅರಿವಿಗೆ ಬಾರದೆ ಎರಡು ದಿನ ನಡೆದರು. ಹುಣ್ಣಾಗಿ, ಕೊನೆಗೆ ಒಂದು ಬೆರಳನ್ನೇ ತೆಗೆಯಬೇಕಾಯಿತು. ನಡೆಯಿರೆಂದು ಹೇಳಿದವರು ನಾವೇ. ಶೂ ಬಗ್ಗೆ ಕೇಳಿರಲಿಲ್ಲ. ಇಂಥವರು ಪಾದಪರೀಕ್ಷೆಯಾಗದೆ ಓಟಕ್ಕೆ ತೊಡಗಬಾರದು. ಶೂ ಕೊಳ್ಳುವಾಗ ಮನೆಯವರೊಬ್ಬರು ಜೊತೆಗಿದ್ದು ಬೆರಳೊತ್ತಿ ಪರೀಕ್ಷಿಸಲಿ. ತೊಡುವ ಮುನ್ನ ಪ್ರತಿಸಲ ಒಳಗೆ ಕೈಯಾಡಿಸಿ ನೋಡಬೇಕು. ರಾತ್ರಿ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು.

ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ದಿನಕ್ಕೆ 4 ಕಿಲೋಮೀಟರ್ ಓಡುವವರು ಸುಮಾರು ಆರು ತಿಂಗಳಿಗೆ, ಮೇಲ್ಭಾಗ ಹೊಸದರಂತೆ ಕಂಡರೂ, ಅಟ್ಟೆಯನ್ನು ಮಗುಚಿ ನೋಡಿ ಬದಲಿಸುವುದು ಉಚಿತ.