ಸೀಟು ಹೋದರೆ ಸದ್ದು ಬಂತು

ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಹಳೇ ಮಾರುತಿ 800 ಇನ್ನೂ ಮೂಲೆ ಸೇರಿಲ್ಲ. ಹದಿನಾರಿನಂಥ ಊರಿನಿಂದ ತರಕಾರಿ ಮೂಟೆಯನ್ನೋ ಬಾಳೆಗೊನೆಯನ್ನೋ ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಒಯ್ಯಬೇಕಾದರೆ ಹಿಂದಿನ ಸೀಟು ಬಿಚ್ಚಿಟ್ಟರಾಯಿತು, ಪುಟ್ಟ ಕಾರೇ ಲಗೇಜು ಗಾಡಿ. ಸ್ಪ್ಯಾನರ್ ಹಿಡಿಯಬಲ್ಲವರಿಗೆ ಅದೇನು ದೊಡ್ಡ ಕೆಲಸವಲ್ಲ. ತಲೆನೋವು ಶುರುವಾಗುವುದು ಮೂಟೆ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸು ಬರುವಾಗ. ಚಕ್ರಕ್ಕೆ ಸಿಕ್ಕಿದ ಜಲ್ಲಿಕಲ್ಲು ತಗಡಿಗೆ ಬಡಿಯುವುದೂ ಕಿವಿಯೊಳಗೇ ಬಡಿದಂತೆ ಕೇಳುತ್ತದೆ. ಪಕ್ಕದವರ ಜೊತೆ ಮಾತಾಡಬೇಕೆಂದರೆ ಕೂಗಬೇಕು.

ಸೀಟಿಗೂ ಸದ್ದಿಗೂ ಇರುವ ನಂಟನ್ನು ಮೊದಲು ಅಳೆದವರು ಅಮೆರಿಕದ ವಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಕಾರಣ ಹುಡುಕುವ ಕೆಲಸ ಈ ಯುವ ಭೌತವಿಜ್ಞಾನಿಯ ಹೆಗಲಿಗೆ ಬಿತ್ತು. ಆತ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಕೊಠಡಿಯಲ್ಲಿ ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತಾಗುತ್ತದೆಂದು ಅಳೆದರು. ಬೆಳಗಾಗುವಷ್ಟರಲ್ಲಿ ಮೆತ್ತೆಗಳು ಮತ್ತೆ ರಂಗಮಂದಿರ ಸೇರಬೇಕು. ಮೆತ್ತೆ ಹೆಚ್ಚಿದಷ್ಟೂ ಗುಂಯ್‌ಗುಡುವಿಕೆ ತಗ್ಗಿತು. ತಾವು ತೊಟ್ಟ ಬಟ್ಟೆಯೂ ಲೆಕ್ಕ ಕೆಡಿಸುತ್ತದೆಂದು ಪ್ರತಿ ಸಲ ಒಂದೇ ಉಡುಪು ಹಾಕುತ್ತಿದ್ದರಂತೆ.

ಕಾರಿನಲ್ಲೂ ನಡೆಯುವುದು ಅದೇ. ಸದ್ದೆಂದರೆ ಗಾಳಿಯ ಕಂಪನ. ಸೀಟಿನ ಸ್ಪಂಜಿನ ಸಣ್ಣ ರಂಧ್ರಗಳೊಳಗೆ ಗಾಳಿ ಹಿಂದಕ್ಕೂ ಮುಂದಕ್ಕೂ ತಿಕ್ಕಾಡುವಾಗ ಅದರ ಶಕ್ತಿ ಶಾಖವಾಗಿ ಕರಗುತ್ತದೆ. ಬಟ್ಟೆ ಹೊದಿಸಿದ ಸೀಟು ಇದನ್ನು ಚೆನ್ನಾಗಿ ಮಾಡುತ್ತದೆ. ರೆಕ್ಸಿನ್ ಹಾಕಿಸಿದರೆ ರಂಧ್ರದ ಬಾಯಿ ಮುಚ್ಚಿಹೋಗುತ್ತದೆ. ಸೀಟು ತೆಗೆದಿರೋ, ಕಾರಿನೊಳಗೆ ಸದ್ದು ನುಂಗುತ್ತಿದ್ದ ದೊಡ್ಡ ವಸ್ತುವೇ ಹೋಯಿತು. ಜೊತೆಗೆ ಅದರ ಮರೆಯಲ್ಲಿದ್ದ, ಒಂದು ಮಿಲಿಮೀಟರಿಗೂ ತೆಳುವಾದ ತಗಡು ಬತ್ತಲಾಯಿತು.

ಆ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ‘ಠಣ್’ ಎಂದ ಕಡೆ ಅಲ್ಯೂಮಿನಿಯಂ ಹಾಳೆ ಮೆತ್ತಿದ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟು ಅಂಟಿಸಿ ಮತ್ತೆ ತಟ್ಟಿದರೆ ‘ದಪ್’ ಅನ್ನುತ್ತದೆ. ಬಾರಿಸಿದ ಜಾಗಟೆಯ ಮೇಲೆ ಅಂಗೈ ಇಟ್ಟ ಹಾಗೆ. ಪೂರ್ತಿ ಮುಚ್ಚಬೇಕಿಲ್ಲ. ತಗಡಿನ ನಡುಭಾಗದಲ್ಲಿ ಕಾಲು ಪಾಲಿನಷ್ಟು ಅಂಟಿಸಿದರೂ ಬಹುಪಾಲು ಫಲ ಸಿಗುತ್ತದೆ. ಡಿಕ್ಕಿ ತುಂಬ ಅಂಟಿಸಿ ಬಿಲ್ಲು ಬೆಳೆಸುವುದು ದಂಡ ಎಂದೇ ನನ್ನ ಅಭಿಪ್ರಾಯ. ಉಳಿದ ದುಡ್ಡಿಗೆ ದಪ್ಪ ಫೆಲ್ಟಿನ ಮೇಲೆ ಭಾರದ ರಬ್ಬರ್ ಮ್ಯಾಟು ಹಾಸಿ. ಹೊರಗಿನ ಸದ್ದನ್ನು ತಡೆಯುವುದು ತೂಕ; ತಡೆಗೋಡೆಯ ತೂಕ ಇಮ್ಮಡಿಯಾದರೆ ಒಳಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೆ ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೂ, ಎಂಥ ಗೋಡೆಯಾಗಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಹಾಗಾಗಿ ಕಿತ್ತುಹೋದ ರಬ್ಬರ್ ಬಿರಡೆ, ಒಣಗಿದ ಬಾಗಿಲ ಬೀಡಿಂಗನ್ನು ಮೊದಲು ಬದಲಿಸಿ.

ಇದಾವುದಕ್ಕೂ ಬಗ್ಗದ ಸದ್ದು ಒಂದಿದೆ. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,400 ಸುತ್ತು ತಿರುಗುವಾಗ ಸೆಕೆಂಡಿಗೆ 85 ಸಲ ಸಿಡಿಯುತ್ತದೆ. ಕಾರಿನ ಒಳಭಾಗದಂಥ ಎರಡು ಮೀಟರ್ ಉದ್ದದ ಪೆಟ್ಟಿಗೆಯೊಳಗಿನ ಗಾಳಿ ಅನುರಣಿಸುವುದೂ ಹೆಚ್ಚುಕಡಿಮೆ ಅದೇ 85 ಹರ್ಟ್ಜ್‌ನಲ್ಲಿ. ಎರಡೂ ಕೂಡಿದರೆ ಕಿವಿ ಅದುಮಿದಂಥ ಮೊರೆತ. ಈ ಸದ್ದಿನ ಅಲೆ ನಾಲ್ಕು ಮೀಟರ್ ಉದ್ದ. ಎರಡಿಂಚು ಸ್ಪಂಜು ಅದಕ್ಕೆ ಲೆಕ್ಕವೇ ಅಲ್ಲ. ಸೀಟು ತೆಗೆದಾಗ ಡಿಕ್ಕಿಯೂ ಒಂದಾಗಿ ಪೆಟ್ಟಿಗೆ ಉದ್ದವಾಗುವುದರಿಂದ ಮೊರೆತ ಇನ್ನೂ ಕಡಿಮೆ ವೇಗದಲ್ಲೇ ಶುರುವಾದೀತು. ಆಕ್ಸಿಲರೇಟರ್ ತುಸು ಸಡಿಲಿಸುವುದೋ ಗೇರು ಬದಲಿಸುವುದೋ ಸುಲಭದ ಮದ್ದು.

ಬಾಳೆಗೊನೆ ಹೊರಚಾಚಿದೆಯೆಂದು ಡಿಕ್ಕಿಯ ಬಾಗಿಲು ಅರೆತೆರೆದು ಓಡಿಸಬೇಡಿ. ಸೈಲೆನ್ಸರಿನ ಹೊಗೆ ಒಳಗೆ ಸುತ್ತಿಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೀಟನ್ನು ಕಾಯಮ್ಮಾಗಿ ತೆಗೆಯುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ನಮೂದಾಗಿರುತ್ತದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ವಾರಕ್ಕೊಮ್ಮೆ ನಾಲ್ಕು ಮೂಟೆ ಹಾಕುವವರಿಗಂತೂ ಸೀಟಿನ ಬೆನ್ನು ಮಡಚಿಕೊಂಡರೆ ಧಾರಾಳ ಸಾಕು.