ಅಡಿಕೆಗೆ ಮೆಣಸಿನ ಬಳ್ಳಿ ಹಬ್ಬಿಸುವ ಮುನ್ನ

ಅಡಿಕೆ ಹತ್ತಾರು ವರ್ಷ ನಿಲ್ಲುವ ಮರ. ಕಾಳುಮೆಣಸು ಅದನ್ನು ಅಪ್ಪಿ ಏರುವ ಬಳ್ಳಿ. ಜೋಡಿ ಒಳ್ಳೆಯದೇ. ಆದರೆ ಅವಸರದಲ್ಲಿ ಕೂಡಿಸಿದರೆ ಎರಡೂ ಸೊರಗುತ್ತವೆ. ಸದಸ್ಯ ಬಾಂಧವರು ಈ ನಾಲ್ಕು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಮರದ ವಯಸ್ಸು. ಎಳೆಯ ಮರಕ್ಕೆ ಬಳ್ಳಿ ಹಬ್ಬಿಸಬಾರದು. 8-10 ವರ್ಷ ತುಂಬಿ ಕಾಂಡ ಗಟ್ಟಿಯಾದ ಮರವೇ ತಕ್ಕದ್ದು.

ಎರಡನೆಯದು ದಿಕ್ಕು. ಮರದ ಉತ್ತರ ಇಲ್ಲವೆ ಈಶಾನ್ಯಕ್ಕೆ ನೆಡಬೇಕು. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಬಿಸಿಲು ದಕ್ಷಿಣದಿಂದ ಬೀಳುವುದರಿಂದ ಎಳೆ ಬಳ್ಳಿಗೆ ಮರದ ನೆರಳೇ ಕಾಪು.

ಮೂರನೆಯದು ಅಂತರ. ಅಡಿಕೆಯ ಬೇರುಗಳು ಬುಡದ ಸುತ್ತಲೇ ದಟ್ಟವಾಗಿರುತ್ತವೆ. ಆದ್ದರಿಂದ ಬುಡದಿಂದ ಸುಮಾರು ಎರಡೂವರೆ ಅಡಿ ದೂರದಲ್ಲಿ ಗುಂಡಿ ತೆಗೆದು, ಬೇರು ಬಂದ ಎರಡು ಸಸಿ ನೆಡಿ. ಕುಡಿಯನ್ನು ಮರದ ಕಡೆಗೆ ಹಾಯಿಸಿ, ಗೆಣ್ಣು ಕಾಂಡಕ್ಕೆ ತಾಗುವಂತೆ ಕಟ್ಟಿ. ಬಳ್ಳಿಯ ಪಾಲಿನ ಗೊಬ್ಬರವನ್ನು ಬೇರೆಯಾಗಿಯೇ ಕೊಡಬೇಕು.

ನಾಲ್ಕನೆಯದು ನೀರು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಶೀಘ್ರ ಸೊರಗು ರೋಗ ತಗಲಿ, ವರ್ಷಗಟ್ಟಲೆ ಸಾಕಿದ ಬಳ್ಳಿ ಕೆಲವೇ ವಾರಗಳಲ್ಲಿ ಒಣಗಿಹೋಗುತ್ತದೆ. ಮುಂಗಾರಿಗೆ ಮೊದಲೇ ಬಸಿಗಾಲುವೆಗಳನ್ನು ತೆರವು ಮಾಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವೇ ಬಳ್ಳಿಗೂ ಆಗುತ್ತದೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಗೆ ಔಷಧಿ ಹೊಡೆಯುವಾಗ ಬಳ್ಳಿಯನ್ನು ಮರೆಯಬೇಡಿ.

ಮರ ಸಿದ್ಧವಿದ್ದರೆ ಮಳೆ ಹಿಡಿದೊಡನೆ ನೆಡಿ. ಇಲ್ಲವಾದರೆ ಇನ್ನೆರಡು ವರ್ಷ ಕಾಯುವುದೇ ಲಾಭ.