ಊರೊಳಗಣ ಬಯಲು

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಒಂದು ಹೆಬ್ಬಂಡೆಯಿದೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವೊಂದು ನಿಂತಿದೆ. ಗೋಪುರದ ವಯಸ್ಸನ್ನು ಶತಮಾನಗಳಲ್ಲಿ ಎಣಿಸಬಹುದು. ಅದನ್ನು ಹೊತ್ತ ಬಂಡೆಗಾದರೋ ಸುಮಾರು 300 ಕೋಟಿ ವರ್ಷಗಳಾಗಿವೆ. ಮರವೆಂಬುದಾಗಲಿ ಹಕ್ಕಿಯೆಂಬುದಾಗಲಿ ಭೂಮಿಯ ಮೇಲೆ ಮೂಡುವ ಎಷ್ಟೋ ಮೊದಲೇ ಈ ಶಿಲೆ ರೂಪುಗೊಂಡಿತ್ತು. ಮುಂಜಾನೆ ಇದನ್ನೇರಿ ನಿಂತರೆ ಕೆಳಗೆ ಮರಗಳ ಹಸುರು, ಅದರಾಚೆ ಕಣ್ಣು ಹರಿಯುವವರೆಗೂ ಕಟ್ಟಡಗಳು, ಮೇಲೆ ರೆಕ್ಕೆಯಲುಗಿಸದೆ ಸುತ್ತುವ ಹದ್ದುಗಳು ಕಾಣುತ್ತವೆ.

ಬಂಡೆಯನ್ನು ಯಾರೂ ತಂದಿರಿಸಲಿಲ್ಲ. ತೋಟವನ್ನು ಮಾತ್ರ ಮನುಷ್ಯರೇ ಮಾಡಿದರು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ಉದ್ಯಾನವನ್ನು ಟಿಪ್ಪು ಬೆಳೆಸಿದನು. ಇಂದು ಇದರ ವಿಸ್ತಾರ ಸುಮಾರು 240 ಎಕರೆ. ನಗರದ ಇನ್ನೊಂದು ದೊಡ್ಡ ಉದ್ಯಾನವಾದ ಕಬ್ಬನ್ ಪಾರ್ಕು 1870ರಲ್ಲಿ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ರೂಪುಗೊಂಡಿತು.

ಈ ನಗರದಲ್ಲಿ ಋತುಗಳ ಬರವನ್ನು ಮರಗಳೇ ಸಾರುತ್ತವೆ. ಚಳಿ ಹಿಂದೆಗೆಯುವ ಹೊತ್ತಿಗೆ ಟಬೂಬಿಯಾ ತನ್ನ ಎಲೆಗಳನ್ನೆಲ್ಲ ಉದುರಿಸಿ, ಬರಿಯ ಕೊಂಬೆಗಳಲ್ಲಿ ಹೂವನ್ನೇ ಹೊದೆದು ನಿಲ್ಲುತ್ತದೆ. ಅದರ ಬೆನ್ನಿಗೇ ಜಕರಾಂಡದ ನೀಲಿ. ಯುಗಾದಿಯ ವೇಳೆಗೆ ಹೊಂಗೆ ಎಳೆಯ ತಿಳಿಹಸುರನ್ನುಟ್ಟು ದುಂಬಿಗಳನ್ನು ಕರೆಯುತ್ತದೆ. ಬಿಸಿಲು ಬಲಿತಾಗ ಗುಲ್‌ಮೊಹರಿನ ಕೆಂಪು ಬೀದಿಯುದ್ದಕ್ಕೂ ಉರಿಯುತ್ತದೆ. ಒಂದರ ಹೂವು ಬಾಡುವಷ್ಟರಲ್ಲಿ ಇನ್ನೊಂದು ಅರಳುವ ಈ ಕ್ರಮ ಆಕಸ್ಮಿಕವಲ್ಲ. ಜರ್ಮನಿಯಲ್ಲಿ ಹುಟ್ಟಿ, 1908ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ಉದ್ಯಾನಗಳ ಹೊಣೆ ಹೊತ್ತ ಕೃಂಬಿಗಲ್ ಅವರು ಹೂಬಿಡುವ ಕಾಲವನ್ನು ಲೆಕ್ಕಹಾಕಿ ಮರಗಳನ್ನು ನೆಡಿಸಿದರು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ, ಟಬೂಬಿಯಾಗಳು ಅಮೆರಿಕ ಖಂಡದವು. ಬೆಂಗಳೂರಿಗರು ಅವನ್ನು ಪರದೇಶದವೆಂದು ಎಂದೋ ಮರೆತಿದ್ದಾರೆ.

ಹಕ್ಕಿಗಳನ್ನು ಮಾತ್ರ ಯಾವ ಅಧಿಕಾರಿಯೂ ಕರೆಸಲಿಲ್ಲ. ಲಾಲ್‌ಬಾಗಿನ ಕೆರೆಯಲ್ಲಿ ನೀರುಕಾಗೆ ಮುಳುಗಿ ಮೀನು ಹಿಡಿದು, ಆಮೇಲೆ ಕೊಂಬೆಯ ಮೇಲೆ ಕುಳಿತು ಎರಡೂ ರೆಕ್ಕೆಗಳನ್ನು ಬಿಸಿಲಿಗೆ ಹರಡುತ್ತದೆ. ಅದರ ಗರಿಗಳು ಬಾತುಕೋಳಿಯ ಗರಿಗಳಂತಲ್ಲ. ಬೇಗನೆ ನೀರು ಹೀರುತ್ತವೆ. ನೆನೆದ ಗರಿ ಭಾರವಾಗುವುದರಿಂದ ಮುಳುಗುವುದು ಸುಲಭ, ಆದರೆ ಬಳಿಕ ಒಣಗಿಸಿಕೊಳ್ಳದೆ ವಿಧಿಯಿಲ್ಲ. ಅತ್ತಿ, ಆಲಗಳು ಹಣ್ಣು ಬಿಟ್ಟಾಗ ಕೋಗಿಲೆ, ಕುಟ್ರ, ಗೊರವಂಕಗಳ ಗದ್ದಲವೋ ಗದ್ದಲ. ಹಣ್ಣು ತಿಂದ ಹಕ್ಕಿ ಬೀಜವನ್ನು ಬೇರೊಂದೆಡೆ ಹಾಕುತ್ತದೆ. ಅಲ್ಲಿ, ಕೆಲವೊಮ್ಮೆ ಹಳೆಯ ಗೋಡೆಯ ಬಿರುಕಿನಲ್ಲಿಯೂ, ಮತ್ತೊಂದು ಆಲ ಚಿಗುರುತ್ತದೆ.

ಕಣ್ಣಿಗೆ ಕಾಣದ ಕೆಲಸವೂ ಇಲ್ಲಿ ನಡೆಯುತ್ತಿರುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದ ಮಳೆ ಚರಂಡಿಯ ಪಾಲು. ತರಗೆಲೆ ಮುಚ್ಚಿದ ಮಣ್ಣಿನ ಮೇಲೆ ಬಿದ್ದದ್ದು ಮೆಲ್ಲಗೆ ಇಂಗಿ ಅಂತರ್ಜಲವನ್ನು ಸೇರುತ್ತದೆ.

ಇಂಥ ನೆಲಕ್ಕೆ ಊರ ನಡುವೆ ಬೆಲೆ ಹೆಚ್ಚು. ಆದುದರಿಂದಲೇ ಅಪಾಯವೂ ಹೆಚ್ಚು. ಉದ್ಯಾನದ ಅಂಚನ್ನು ಬೇಡಿ ಬರುವವರೆಲ್ಲ ದುರಾಸೆಯವರೇನೂ ಅಲ್ಲ. ಒಳ್ಳೆಯ ಉದ್ದೇಶದ ಕಟ್ಟಡವೂ ತಾನು ನಿಂತಷ್ಟು ಮಣ್ಣನ್ನು ಮುಚ್ಚಿಯೇ ಮುಚ್ಚುತ್ತದೆ, ಮತ್ತು ಒಳ್ಳೆಯ ಉದ್ದೇಶಗಳಿಗೆ ಕೊನೆಯೆಂಬುದಿಲ್ಲ. ಇದನ್ನರಿತೇ 1975ರಲ್ಲಿ ಕರ್ನಾಟಕವು ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆಂದು ಕಾನೂನೊಂದನ್ನು ಮಾಡಿತು. ಅದರಂತೆ ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ನೆಲವನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ದಾನವಾಗಿಯೂ ನೀಡುವಂತಿಲ್ಲ. ಕೊಡುವ ಕೈಯನ್ನೇ ಕಟ್ಟಿಹಾಕಿದ ಕಾನೂನಿದು.

ಸಂಜೆ ಕಬ್ಬನ್ ಪಾರ್ಕಿನಲ್ಲಿ ಬೆಳಕು ತಗ್ಗಿದಂತೆ ಮಳೆಮರಗಳು ತಮ್ಮ ಕಿರಿಯೆಲೆಗಳನ್ನು ಜೋಡಿಜೋಡಿಯಾಗಿ ಮಡಿಸಿಕೊಳ್ಳುತ್ತವೆ. ಹಗಲೆಲ್ಲ ಕೊಡೆಯಂತಿದ್ದ ನೆತ್ತಿ ಈಗ ತೆರವಾಗಿ, ಅದರೊಳಗಿಂದ ಆಕಾಶ ಕಾಣುತ್ತದೆ. ಹೊರಗೆ ವಾಹನಗಳ ಸದ್ದು ಏರುತ್ತಿರುವಾಗಲೇ ಕಾಗೆಗಳೂ ಗಿಳಿಗಳೂ ಗುಂಪುಗುಂಪಾಗಿ ಬಂದು ಕೊಂಬೆಗಳಲ್ಲಿ ಜಾಗಕ್ಕಾಗಿ ಜಗಳವಾಡತೊಡಗುತ್ತವೆ.